ಮುದ್ರೆ: ಮುಚ್ಚಲಿಕ್ಕೂ ಹರಡಲಿಕ್ಕೂ

ಕಾರವಾರ ದಾಟಿ ಗೋವೆಯೊಳಗೆ ಕಾಲಿಟ್ಟರೆ ಎದುರಾಗುವ ಸರಕಾರಿ ಬಸ್ಸಿನ ಹೆಸರು ಕದಂಬ, ಗುರುತು ಸಿಂಹ. 1980ರಲ್ಲಿ ಕದಂಬ ಸಾರಿಗೆ ನಿಗಮ ಹುಟ್ಟಿದಾಗ ಗುರುತಿಗಾಗಿ ಬಹಳ ತಡಕಾಡಬೇಕಾಗಲಿಲ್ಲ. ಗೋವೆಯನ್ನಾಳಿದ ಕದಂಬರ ಸಿಂಹ ಸಿದ್ಧವಾಗಿಯೇ ಇತ್ತು. ಹನ್ನೆರಡನೆಯ ಶತಮಾನದ ಶಿವಚಿತ್ತ ಪೆರ್ಮಾಡಿದೇವನ ಚಿನ್ನದ ನಾಣ್ಯದಲ್ಲಿ ಒಂದು ಮುಖಕ್ಕೆ ಸಿಂಹ, ಇನ್ನೊಂದು ಮುಖಕ್ಕೆ ತಾನು ಸಪ್ತಕೋಟೀಶ್ವರನ ವರಪ್ರಸಾದ ಪಡೆದವನೆಂಬ ಬರಹ. ಈಗಿನ ಜಾಹೀರಾತು ಕಚೇರಿಯವರು ಒಂದನ್ನು ಲೋಗೋ, ಇನ್ನೊಂದನ್ನು ಟ್ಯಾಗ್‌ಲೈನ್ ಎನ್ನುತ್ತಾರೆ. ಎರಡನ್ನೂ ಕಾಯುವವರಿಗೆ ಕ್ರಿಯೇಟಿವ್ ಡೈರೆಕ್ಟರ್ ಎಂಬ ಹುದ್ದೆ ಕೊಟ್ಟಿದ್ದಾರೆ. ಕನ್ನಡ ಪತ್ರಿಕೆಗಳು ಅದನ್ನು ‘ಸೃಜನಶೀಲ ನಿರ್ದೇಶಕ’ ಎಂದು ಬರೆದು ಕೈ ತೊಳೆದುಕೊಳ್ಳುತ್ತವೆ. ಆದರೆ ಅವರು ಕಾಯುವ ಸರಕಿಗೆ ನಮ್ಮಲ್ಲಿ ಹಳೆಯ ಹೆಸರೇ ಇದೆ. ಅದು ಮುದ್ರೆ.

ಮುದ್ರೆ ಎಲ್ಲಿಂದ ಬಂತು? ತಂತ್ರಶಾಸ್ತ್ರದವರನ್ನು ಕೇಳಿದರೆ ದೇವತೆಗಳಿಗೆ ಮುದ ಕೊಡುವುದೇ ಮುದ್ರೆ ಎನ್ನುತ್ತಾರೆ. ಭಾಷಾಶಾಸ್ತ್ರಜ್ಞರು ಇದಕ್ಕೆ ತಲೆಯಾಡಿಸುವುದಿಲ್ಲ. ಅವರ ಲೆಕ್ಕದಲ್ಲಿ ಸಂಸ್ಕೃತದ ಮುದ್ರಾ ಮತ್ತು ಪಾರಸಿಯ ಮುಹ್ರ್ ಒಂದೇ ಬಳಗದವು. ಎಂದರೆ ನಮ್ಮ ದಸ್ತಾವೇಜುಗಳಲ್ಲಿ ಸುಳಿಯುವ ‘ಮೊಹರು’, ಮೊಗಲರ ಚಿನ್ನದ ಮೊಹರು, ನಮ್ಮ ಮುದ್ರೆ ಎಲ್ಲವೂ ದಾಯಾದಿಗಳು. ಪಂಡಿತರ ಮಾತೇ ನಿಜವಿರಬಹುದು. ಆದರೂ ಜಾಹೀರಾತು ಕಚೇರಿಯವರಿಗೆ ಮೊದಲಿನದೇ ಹೆಚ್ಚು ಹಿಡಿಸೀತು.

ಪದದ ಮೊದಲ ಕೆಲಸ ಮುಚ್ಚುವುದು. ಓಲೆಗೆ ಅರಗು ಹಚ್ಚಿ ಉಂಗುರ ಒತ್ತಿದರೆ ಒಡೆಯನ ಹೊರತು ಯಾರೂ ಬಿಚ್ಚುವಂತಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷಕ ತೆಗೆದುಕೊಂಡು ದಾರಿಹೋಕರಿಗೆ ಮುದ್ರೆ ಕೊಡುವುದು ಅವನ ಕೆಲಸ. ಮುದ್ರೆಯಿಲ್ಲದವನಿಗೆ ನಾಡಿನ ಬಾಗಿಲು ಮುಚ್ಚಿದಂತೆಯೇ. ಕಾರ್ಖಾನೆಯ ಬೀಗಮುದ್ರೆಯಲ್ಲಿ ಆ ಹಳೆಯ ಅರ್ಥ ಇಂದಿಗೂ ಉಸಿರಾಡುತ್ತಿದೆ. ವಿಶಾಖದತ್ತನ ‘ಮುದ್ರಾರಾಕ್ಷಸ’ ಓದಿದವರಿಗೆ ಈ ವಸ್ತುವಿನ ಅಪಾಯವೂ ಗೊತ್ತು: ಅಮಾತ್ಯ ರಾಕ್ಷಸನ ಉಂಗುರ ಚಾಣಕ್ಯನ ಕೈಗೆ ಸಿಗುತ್ತದೆ, ಒಂದು ಕಪಟ ಪತ್ರದ ಮೇಲೆ ಅದು ಬೀಳುತ್ತದೆ, ಅಲ್ಲಿಗೆ ರಾಕ್ಷಸನ ಮಾತಿಗೆ ಬೆಲೆ ಹೋಗುತ್ತದೆ. ಬ್ರಾಂಡ್ ಕಳ್ಳತನದ ಬಗ್ಗೆ ಇದಕ್ಕಿಂತ ಜಾಣ ಪಾಠ ಯಾವ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲೂ ಇರಲಾರದು. ಕೆಂಪುನಾರಾಯಣ 1823ರಲ್ಲಿ ಈ ಕತೆಯನ್ನು ‘ಮುದ್ರಾಮಂಜೂಷ’ವೆಂದು ಕನ್ನಡಕ್ಕಿಳಿಸಿದ. ನಾವೋ ಮೂಲ ನಾಟಕದ ಹೆಸರನ್ನು ಅಚ್ಚಿನ ತಪ್ಪಿಗೆ ಅಂಟಿಸಿಬಿಟ್ಟೆವು. ಒಂದು ಅಕ್ಷರ ಕೆಟ್ಟರೂ ಮುದ್ರಾರಾಕ್ಷಸನ ಹಾವಳಿ.

ಎರಡನೆಯ ಮುದ್ರೆ ಬೆಂಕಿಯದು. ಇಂಗ್ಲಿಷಿನ ಬ್ರಾಂಡ್ ಕೂಡ ಮೊದಲಿಗೆ ಉರಿಯುವ ಕೊಳ್ಳಿ. ಆಮೇಲೆ ದನದ ಮೈಮೇಲೆ, ಪೀಪಾಯಿಯ ಮೇಲೆ ಕಾಯ್ದ ಕಬ್ಬಿಣದಿಂದ ಹಾಕಿದ ಬರೆ. ಮಾಧ್ವರಲ್ಲಿ ಆಷಾಢದ ಪ್ರಥಮ ಏಕಾದಶಿಗೆ ಶಂಖಚಕ್ರಗಳನ್ನು ಹೋಮಾಗ್ನಿಯಲ್ಲಿ ಕಾಯಿಸಿ ತೋಳಿಗೆ ಒತ್ತಿಸಿಕೊಳ್ಳುತ್ತಾರೆ, ಅದು ತಪ್ತಮುದ್ರೆ. ವ್ಯತ್ಯಾಸವೆಂದರೆ ದನದ ಬರೆ ಒಡೆಯ ಹಾಕಿದ್ದು, ತಪ್ತಮುದ್ರೆ ಭಕ್ತ ತಾನಾಗಿ ಸಾಲಿನಲ್ಲಿ ನಿಂತು ಪಡೆದದ್ದು. ಜನ ತಾವಾಗಿ ಗುರುತು ಹಾಕಿಸಿಕೊಳ್ಳುವಂತೆ ಮಾಡುವುದು ಹೇಗೆಂದು ಇಂದಿನ ಕಂಪನಿಗಳು ಕೋಟಿ ಸುರಿದು ಕಲಿಯುತ್ತಿವೆ. ಗೋವೆಯ ಕಾಣಕೋಣ ತಾಲೂಕಿನಲ್ಲಿ ಇದೇ ಮಾಧ್ವ ಪರಂಪರೆಯ ಸಾರಸ್ವತರ ಗೋಕರ್ಣ ಪರ್ತಗಾಳಿ ಜೀವೋತ್ತಮ ಮಠವಿದೆ. 2025ರ ನವೆಂಬರಿನಲ್ಲಿ, ಮಠಕ್ಕೆ 550 ವರ್ಷ ತುಂಬಿದ ಉತ್ಸವದಲ್ಲಿ, ಅಲ್ಲಿ 77 ಅಡಿಯ ಕಂಚಿನ ರಾಮ ಅನಾವರಣಗೊಂಡ. ಜೊತೆಗೆ ರಾಮಾಯಣ ಥೀಮ್ ಪಾರ್ಕ್ ಕೂಡ ತೆರೆಯಿತು. ಯಾತ್ರೆಗೆ ಬಂದ ಕುಟುಂಬ ಉದ್ಯಾನವನ್ನೂ ಸುತ್ತಿ ಹೋಗಬೇಕು ಎಂಬ ಲೆಕ್ಕ. ರಾಮಕತೆಯಲ್ಲೂ ಒಂದು ಮುದ್ರೆಯಿದೆ: ಬಂದವನು ರಾವಣನ ಕಡೆಯವನಲ್ಲ ಎಂದು ಸೀತೆಗೆ ನಂಬಿಕೆ ಬರುವುದು ಹನುಮಂತ ಕೊಟ್ಟ ಮುದ್ರೆಯುಂಗುರದಿಂದ.

ನಂಬಿಕೆಯ ಈ ಕೆಲಸವನ್ನು ಕನ್ನಡ ತನ್ನದೇ ರೀತಿಯಲ್ಲಿ ಬೆಳೆಸಿತು. ವಚನದ ಕೊನೆಯ ಅಂಕಿತಕ್ಕೆ ಮುದ್ರಿಕೆ ಎಂಬ ಹೆಸರೂ ಉಂಟು. ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಆಶ್ಚರ್ಯವೆಂದರೆ ಒತ್ತಿದ್ದು ತಮ್ಮ ಹೆಸರನ್ನಲ್ಲ, ದೇವರ ಹೆಸರನ್ನು. ಗುರುತು ಸಿಕ್ಕಿದ್ದು ಮಾತ್ರ ಬರೆದವರದು. ದಾಸರಲ್ಲಂತೂ ಅಂಕಿತವನ್ನು ಗುರುವೇ ಕೊಡಬೇಕು. ಮುದ್ರಿಕೆ ಎಷ್ಟು ಗಟ್ಟಿ ಎಂಬುದು ಗೊತ್ತಾದದ್ದು ತೊಂಬತ್ತರ ದಶಕದಲ್ಲಿ. ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಕೂಡಲಸಂಗಮದೇವ ಅಂಕಿತವನ್ನು ತೆಗೆದು ಲಿಂಗದೇವ ಎಂದು ಹಾಕಿದರು. ಉಳಿದ ಸಾಲುಗಳು ಇದ್ದಂತೆಯೇ ಇದ್ದವು. ಆದರೂ ಭಕ್ತರು ಕೆರಳಿದರು. 1998ರಲ್ಲಿ ರಾಜ್ಯ ಸರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಸರಕಾರದ ಆದೇಶವೇ ನಿಂತಿತು. ಪುಸ್ತಕ ಮುಟ್ಟುಗೋಲು ಹಾಕುವುದು ನನಗೆ ಒಪ್ಪಿಗೆಯಾಗುವ ದಾರಿಯಲ್ಲ. ಆದರೆ ಎಂಟುನೂರು ವರ್ಷದ ಹಿಂದಿನ ಒಂದು ಗುರುತನ್ನು ಬದಲಿಸಿದರೆ ಊರೂರು ಎದ್ದು ನಿಲ್ಲುತ್ತದೆ ಎಂದಾದರೆ, ಅಂಥ ಮುದ್ರೆಯನ್ನು ಯಾವ ಏಜೆನ್ಸಿ ಮಾಡಿಕೊಟ್ಟೀತು?

ಇಷ್ಟಾದರೂ ಮುದ್ರೆ ಒಂದೊಂದಾಗಿ ಒತ್ತುವ ವಸ್ತುವಾಗಿಯೇ ಇತ್ತು. ಸಾವಿರಗಟ್ಟಲೆ ಒತ್ತುವ ಯಂತ್ರ ಈ ದೇಶಕ್ಕೆ ಬಂದದ್ದು ಗೋವೆಗೆ, 1556ರಲ್ಲಿ, ಅದೂ ದಾರಿ ತಪ್ಪಿದಂತೆ. ಅಬಿಸೀನಿಯಾಕ್ಕೆಂದು ಹೊರಟ ಅಚ್ಚಿನ ಯಂತ್ರ ಗೋವೆಯಲ್ಲೇ ಉಳಿಯಿತು. ಹಳೆ ಗೋವೆಯ ಸೇಂಟ್ ಪಾಲ್ ಕಾಲೇಜಿನಲ್ಲಿ ಮೊದಲ ಹಾಳೆಗಳು ಹೊರಬಂದವು. ಥಾಮಸ್ ಸ್ಟೀಫನ್ಸ್ ಮರಾಠಿಯಲ್ಲಿ ಬರೆದ ‘ಕ್ರಿಸ್ತಪುರಾಣ’ 1616ರಲ್ಲಿ ರಾಚೋಲಿನಲ್ಲಿ ಅಚ್ಚಾದದ್ದು ರೋಮನ್ ಲಿಪಿಯಲ್ಲಿ. ಪಕ್ಕದ ಕನ್ನಡಕ್ಕೆ ಅಚ್ಚಿನ ಮೊಳೆ ಸಿಗಲು ಇನ್ನೂ ಇನ್ನೂರು ವರ್ಷ ಕಾಯಬೇಕಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಹೊರಬಂದದ್ದು 1817ರಲ್ಲಿ, ಬಂಗಾಳದ ಸೆರಾಂಪುರದಿಂದ. ಇಲ್ಲಿಗೆ ನಮ್ಮ ಪದ ಮಗ್ಗುಲು ಬದಲಿಸಿತು. ಮುದ್ರೆ ಮುಚ್ಚುತ್ತಿತ್ತು, ಮುದ್ರಣ ಹರಡತೊಡಗಿತು.

ಜಾಹೀರಾತು ಕಸಬಿಗೆ ಈ ಎರಡೂ ಬೇಕು. ತನ್ನದನ್ನು ಬೇರೆಯವರು ಮುಟ್ಟಬಾರದು, ಆದರೆ ಎಲ್ಲರ ಮನೆಗೂ ತಲುಪಬೇಕು. 1980ರಲ್ಲೇ ಅಹಮದಾಬಾದಿನಲ್ಲಿ ಎ.ಜಿ. ಕೃಷ್ಣಮೂರ್ತಿ ತಮ್ಮ ಜಾಹೀರಾತು ಸಂಸ್ಥೆಗೆ ಇಟ್ಟ ಹೆಸರು ಮುದ್ರಾ. ವಿಮಲ್ ಬಟ್ಟೆ, ರಸ್ನಾ ಪಾನಕ ಮನೆಮಾತಾದದ್ದರಲ್ಲಿ ಅದರ ಪಾಲು ದೊಡ್ಡದು.

ಗೋವೆಯ ಲೌಟೊಲಿಂ ಹಳ್ಳಿಯಲ್ಲಿ ಮುದ್ರೆಯ ಎರಡು ಬಗೆ ಒಟ್ಟಿಗೇ ಸಿಗುತ್ತವೆ. ಒಂದು ಮಾರಿಯೋ ಮಿರಾಂಡ ಅವರದು. ಬೆಂಗಳೂರಿನ ಸೇಂಟ್ ಜೋಸೆಫ್ ಶಾಲೆಯಲ್ಲಿ ಓದಿದ ಮಾರಿಯೋ ಶುರುವಿಗೆ ನಾಲ್ಕು ವರ್ಷ ಜಾಹೀರಾತು ಸ್ಟುಡಿಯೋದಲ್ಲಿ ದುಡಿದು, ಬಳಿಕ ವ್ಯಂಗ್ಯಚಿತ್ರಕ್ಕೆ ತಿರುಗಿದರು. ಜನಜಂಗುಳಿ ತುಂಬಿದ ಆ ಗೆರೆಗಳು, ಮಿಸ್ ನಿಂಬುಪಾನಿ, ಮಿಸ್ ಫೊನ್ಸೇಕಾ, ಮುಂಬಯಿಯ ಕೆಫೆ ಮೊಂಡೆಗಾರ್ ಗೋಡೆಗಳು: ಕೆಳಗಿನ ಸಹಿ ಮುಚ್ಚಿಟ್ಟರೂ ಯಾರದೆಂದು ಹೇಳಬಹುದು. 2011ರಲ್ಲಿ ಅವರು ತೀರಿಕೊಂಡದ್ದು ಲೌಟೊಲಿಂನಲ್ಲೇ. ಗೋವೆ ಎಂದ ಕೂಡಲೇ ಕಣ್ಣಿಗೆ ಬರುವ ಚಿತ್ರವನ್ನು ಯಾವ ಪ್ರವಾಸೋದ್ಯಮ ಇಲಾಖೆಗಿಂತ ಹೆಚ್ಚಾಗಿ ರೂಪಿಸಿದವರು ಇವರೇ ಎಂದು ನನ್ನ ಎಣಿಕೆ. ಈಗ ಆ ಗೆರೆ ಹೆಂಚು, ಲೋಟ, ಅಂಗಿಗಳ ಮೇಲೂ ಕೂತಿದೆ.

ಇನ್ನೊಂದು ಶಿಲ್ಪಿ ಮಹೇಂದ್ರ ಆಲ್ವಾರೀಸ್ ಅವರು 1995ರಲ್ಲಿ ತೆರೆದ ‘ಆನ್ಸೆಸ್ಟ್ರಲ್ ಗೋವಾ’. ಹಳೆಯ ಗೋವೆಯ ಹಳ್ಳಿಬಾಳನ್ನು ಪುಟ್ಟ ಮನೆಗಳು, ಗೊಂಬೆಗಳಲ್ಲಿ ಕಟ್ಟಿದ ಬಯಲು ಮ್ಯೂಸಿಯಂ. ಪಕ್ಕದಲ್ಲಿ ಮುರಕಲ್ಲಿನಲ್ಲಿ ಕಡೆದ ಮಲಗಿದ ಮೀರಾಬಾಯಿ. ಅಲ್ಲಿನ ಬಂಡೆಯ ಮೇಲೊಂದು ದೊಡ್ಡ ಪಾದಮುದ್ರೆಯಿದೆ. ಮಹಾದರನೆಂಬ ಉದಾರಿ ಸಿರಿವಂತ ಎಲ್ಲವನ್ನೂ ಕಳೆದುಕೊಂಡು ಒಂಟಿಕಾಲಲ್ಲಿ ನಿಂತು ಪ್ರಾರ್ಥಿಸಿದ ಜಾಗ ಅದು ಎನ್ನುತ್ತಾರೆ ಊರವರು. ಆ ಹೆಜ್ಜೆಯಿಂದಲೇ ಇಡೀ ತಾಣಕ್ಕೆ ‘ಬಿಗ್ ಫೂಟ್’ ಎಂಬ ಹೆಸರು ಬಂತು. ಗುರುತನ್ನು ಹೊರಗಿನಿಂದ ತರದೆ ಬಂಡೆಯಿಂದಲೇ ಎತ್ತಿಕೊಂಡದ್ದು ಕಸಬು ಬಲ್ಲವರ ಕೆಲಸ. ಹೆಸರಿನ ಬಗ್ಗೆ ಮಾತ್ರ ನನ್ನದೊಂದು ತಕರಾರು: ಬಿಗ್ ಫೂಟ್ ಎಂದರೆ ಮಕ್ಕಳಿಗೆ ನೆನಪಾಗುವುದು ಅಮೆರಿಕದ ಕಾಡಿನ ರೋಮದ ದೈತ್ಯ. ಮಹಾದರನ ಹೆಸರನ್ನೇ ಫಲಕಕ್ಕೆ ಹಾಕಿದ್ದರೆ, ಇದ್ಯಾರು ಎಂದು ಅವರು ಬಾಗಿಲಲ್ಲೇ ಕೇಳುತ್ತಿದ್ದರು.