ದೇವದುರ್ಗದ ದಾರಿಯಲ್ಲಿ ವಿಮೆ

ನಿಜಾಮರ ರೈಲ್ವೆ ಇಲಾಖೆಯು 1932ರಲ್ಲಿ 27 ಬಸ್ಸುಗಳನ್ನು ಹೈದರಾಬಾದು ಸಂಸ್ಥಾನದ ರಸ್ತೆಗಳಿಗೆ ಇಳಿಸಿದಾಗ, ದೇವದುರ್ಗವೂ ಮಾನ್ವಿಯೂ ಆ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದುವು. ಅದಕ್ಕೆ ಎರಡು ವರ್ಷ ಮೊದಲೇ ಇಂಗ್ಲೆಂಡು, ವಾಹನದಿಂದ ಪರರಿಗೊದಗುವ ಹಾನಿಗೆ ವಿಮೆ ಕಡ್ಡಾಯವೆಂದು ವಿಧಿಸಿತ್ತು. ಬ್ರಿಟಿಷ್ ಭಾರತದ 1939ರ ಮೋಟಾರು ವಾಹನ ಕಾಯಿದೆಯು ಅದೇ ತತ್ತ್ವವನ್ನು ಅಂಗೀಕರಿಸಿತಾದರೂ, ವಿಮೆಯ ಅಧ್ಯಾಯವು ಜಾರಿಗೆ ಬಂದುದು 1946ರ ಜುಲೈ 1ರಂದು. ಮುಂದೆ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು.

ಅಮೆರಿಕದಂತಹ ದೇಶಗಳಲ್ಲಿ ವಿಮಾ ಕಂಪನಿಯು ಚಾಲಕನ ವಯಸ್ಸನ್ನೂ ಹಿಂದಿನ ಅಪರಾಧಗಳನ್ನೂ ವಿಚಾರಿಸಿ, ಕುಡಿದು ಓಡಿಸಿ ಸಿಕ್ಕಿಬಿದ್ದವನಿಗೆ ಪ್ರೀಮಿಯಂ ಏರಿಸುವುದು ವಾಡಿಕೆ. ನಮ್ಮಲ್ಲಿ ಮಾತ್ರ ಕಡ್ಡಾಯ ವಿಮೆಯ ದರವು ಮನುಷ್ಯನನ್ನು ನೋಡದು, ಗಾಡಿಯನ್ನು ನೋಡುತ್ತದೆ. 2022ರ ದರಪಟ್ಟಿಯಂತೆ 1000 ಸಿಸಿಗೆ ಮೀರದ ಖಾಸಗಿ ಕಾರಿಗೆ 2,094 ರೂಪಾಯಿ, 1500 ಸಿಸಿ ಮೀರಿದುದಕ್ಕೆ 7,897. ಸ್ಟೀರಿಂಗ್ ಹಿಡಿದವನು ಸಾಧುವೋ ಪುಂಡನೋ ಎಂಬ ವಿಚಾರವೇ ಇಲ್ಲ. ಕ್ಲೇಮು ಮಾಡದವನಿಗೆ ದೊರೆಯುವ ಶೇಕಡಾ 50ರವರೆಗಿನ ರಿಯಾಯಿತಿಯೂ ಸ್ವಂತ ಗಾಡಿಯ ಹಾನಿಯ ಭಾಗಕ್ಕಷ್ಟೇ ಸಲ್ಲುತ್ತದೆ. ಕುಡಿದು ಓಡಿಸಿದರೆ 100 ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10 ಅಂಕವೆಂದು ಲೆಕ್ಕವಿಟ್ಟು ಅದರಂತೆ ಪ್ರೀಮಿಯಂ ಕಟ್ಟಿಸಬೇಕೆಂದು 2021ರಲ್ಲಿ ವಿಮಾ ಪ್ರಾಧಿಕಾರದ ಕಾರ್ಯತಂಡವು ಸೂಚಿಸಿತು. ಸೂಚನೆ ಒಳ್ಳೆಯದೇ ಇದ್ದಿತು.

ಕಂಪನಿಗಳ ದೃಷ್ಟಿಯಲ್ಲಿ ನಿಜವಾದ ಅಪಾಯವೆಂದರೆ ಲಾರಿ, ಟೆಂಪೋ ಮೊದಲಾದ ಬಾಡಿಗೆಯ ಗಾಡಿಗಳು. ಅವುಗಳಿಂದಾಗುವ ನಷ್ಟವನ್ನು ಎಲ್ಲ ಕಂಪನಿಗಳಿಗೂ ಹಂಚಲು 2007ರಲ್ಲಿ ಒಂದು ಸಾಮಾನ್ಯ ನಿಧಿಯನ್ನೇ ಸ್ಥಾಪಿಸಬೇಕಾಯಿತು.

ಆದರೆ ದೇವದುರ್ಗದ ಕಥೆ ಲಾರಿಯದಲ್ಲ, ಟ್ರ್ಯಾಕ್ಟರಿನದು. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಕು ಹರಿಯುವ ಮೊದಲೇ ಬುತ್ತಿಗಂಟು ಹಿಡಿದ ಹೆಣ್ಣಾಳುಗಳು ಟ್ರಾಲಿಯ ಅಂಚನ್ನು ಹಿಡಿದು, ಒಬ್ಬರ ಮೊಣಕಾಲಿಗೆ ಇನ್ನೊಬ್ಬರ ಬೆನ್ನು ತಾಗುವಂತೆ ಕುಳಿತು ಹೊಲಕ್ಕೆ ಹೋಗುತ್ತಾರೆ. ಸಂಜೆ ಅದೇ ಟ್ರಾಲಿಯಲ್ಲಿ ಹತ್ತಿಯ ಅಂಡಿಗೆಗಳು ಬರುತ್ತವೆ. 1994ರ ತಿದ್ದುಪಡಿಯು ಸರಕಿನ ಜೊತೆ ಪ್ರಯಾಣಿಸುವ ಸರಕಿನ ಒಡೆಯನನ್ನು ವಿಮೆಯ ರಕ್ಷಣೆಯೊಳಗೆ ತಂದಿತು. ಸರಕು ಸಾಗಿಸುವ ವಾಹನದಲ್ಲಿ ಸುಮ್ಮನೆ ಕುಳಿತು ಹೋಗುವವರಿಗೆ ಕಂಪನಿ ಹೊಣೆಯಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದುದರಿಂದ ಟ್ರಾಲಿ ಮಗುಚಿದರೆ, ಹತ್ತಿಯೊಡನೆ ಬರುವ ರೈತನಿಗೆ ವಿಮೆಯ ಆಸರೆ ದೊರೆಯಬಹುದು, ಹತ್ತಿ ಬಿಡಿಸಲು ಹೋಗುವವಳಿಗೆ ಸಾಮಾನ್ಯವಾಗಿ ಇಲ್ಲ. ಪರಿಹಾರದ ಭಾರವು ಸಾಲ ಮಾಡಿ ಟ್ರ್ಯಾಕ್ಟರು ಕೊಂಡ ಮಾಲೀಕನ ತಲೆಗೆ ಬರುತ್ತದೆ.

ಗುಳೆ ಹೋಗುವವರ ಕ್ರೂಸರಿನ ಅವಸ್ಥೆಯೂ ಹೆಚ್ಚು ಭಿನ್ನವಲ್ಲ. 2022ರ ಆಗಸ್ಟ್ 25ರಂದು ಶಿರಾ ಬಳಿ, ರಾಯಚೂರು ಜಿಲ್ಲೆಯ ಕೂಲಿಕಾರರನ್ನು ಬೆಂಗಳೂರಿಗೆ ಒಯ್ಯುತ್ತಿದ್ದ ಕ್ರೂಸರಿಗೂ ಲಾರಿಗೂ ಡಿಕ್ಕಿಯಾಗಿ 9 ಮಂದಿ ಮೃತರಾದರು. ಇಂತಹ ಗಾಡಿಯಲ್ಲಿ ಎಷ್ಟೇ ಜನರನ್ನು ತುಂಬಿದ್ದರೂ, ಪರವಾನಗಿಯಲ್ಲಿ ಎಷ್ಟು ಸೀಟುಗಳಿವೆಯೋ ಅಷ್ಟು ಜನರ ಮಟ್ಟಿಗೆ ಮಾತ್ರ ಕಂಪನಿಯ ಹೊಣೆಯೆಂಬುದು 2007ರಿಂದ ಸುಪ್ರೀಂ ಕೋರ್ಟಿನ ನಿಲುವು.

ವಿಮೆಯಿಲ್ಲದೆ ಓಡಿಸಿದವನಿಗೆ 2019ರ ತಿದ್ದುಪಡಿಯು ಮೊದಲ ಸಲ 2,000 ರೂಪಾಯಿ ದಂಡ ವಿಧಿಸುತ್ತದೆ. ಆದರೆ ವಿಮೆ ಇದ್ದ ಮಾತ್ರಕ್ಕೆ ಸಾಲದು; ಟ್ರಾಲಿಯಲ್ಲಿ ಕೂಲಿಯವರನ್ನು ಕೂರಿಸುವ ಮಾಲೀಕರು ಪಾಲಿಸಿಯನ್ನು ಪೆಟ್ಟಿಗೆಯಲ್ಲಿ ಮಡಿಸಿಡುವ ಮೊದಲು, ಅದರಲ್ಲಿ ಯಾರಿಗೆ ರಕ್ಷಣೆಯಿದೆ ಎಂಬುದನ್ನು ಬಲ್ಲವರಿಂದ ಓದಿಸಿ ಕೇಳಿಕೊಳ್ಳಬೇಕು.