ಸ್ಪಿಟ್‌ಫೈರ್ ಹೊಟ್ಟೆಯ ಬಣ್ಣ ಯಾವುದು?

1953ರಲ್ಲಿ ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ ಸ್ಪಿಟ್‌ಫೈರ್ ಯುದ್ಧವಿಮಾನದ 1/72 ಅಳತೆಯ ಪ್ಲಾಸ್ಟಿಕ್ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಅಂತಹ ಮಾದರಿಯ ಬಿಡಿಭಾಗಗಳನ್ನು ಅಂಟಿಸಿ ನಿಲ್ಲಿಸುವುದು ಅರ್ಧ ಕೆಲಸ. ಬಣ್ಣ ಆರಿಸುವುದು ಉಳಿದರ್ಧ, ಮತ್ತು ಇತಿಹಾಸದ ವಿದ್ಯಾರ್ಥಿಗಳಿಗೆ ಅಲ್ಲಿಯೇ ಹೆಚ್ಚು ಕೆಲಸವಿದೆ.

ಎರಡನೆಯ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಫೈಟರ್ ವಿಮಾನಗಳ ಅಡಿಭಾಗ ಅರ್ಧ ಕಪ್ಪು, ಅರ್ಧ ಬಿಳಿ ಇರುತ್ತಿತ್ತು. ಕೆಳಗಿದ್ದ ತಮ್ಮವರಿಗೆ ಗುರುತು ಸಿಗಲಿ ಎಂಬುದು ಉದ್ದೇಶ. 1940ರ ಜೂನ್‌ನಲ್ಲಿ ಅದನ್ನು ಬಿಟ್ಟು 'ಸ್ಕೈ' ಎಂಬ ಬಣ್ಣ ಬಳಿಯಲು ಆಜ್ಞೆಯಾಯಿತು. ಹೆಸರು ಆಕಾಶದ್ದಾದರೂ ಅದು ನೀಲಿಯಲ್ಲ, ಹಸಿರು ಛಾಯೆಯ ತಿಳಿಬಣ್ಣ. ಆಜ್ಞೆ ಬಂತು, ಆದರೆ ಸಾಕಷ್ಟು ಬಣ್ಣ ಬರಲಿಲ್ಲ. ವಿಮಾನನೆಲೆಗಳಲ್ಲಿ ಕೈಗೆ ಸಿಕ್ಕಿದ್ದನ್ನು ಬೆರೆಸಿ ಬಳಿದರು. ಕೆಲವು ವಿಮಾನಗಳು ನೀಲಿಗೆ ವಾಲಿದವು, ಕೆಲವು ಹಸಿರಿಗೆ.

ಮರುವರ್ಷ ಇದೇ ಕತೆ ಮೇಲ್ಭಾಗದಲ್ಲಿ ನಡೆಯಿತು. 1941ರ ಆಗಸ್ಟ್‌ನಲ್ಲಿ ಮಣ್ಣುಗಂದಿನ ಜಾಗಕ್ಕೆ 'ಓಷನ್ ಗ್ರೇ' ಎಂಬ ಬೂದುಬಣ್ಣ ಬರಬೇಕಿತ್ತು. ಅದು ಸಿಗದ ಕಡೆ ಏಳು ಪಾಲು 'ಮೀಡಿಯಂ ಸೀ ಗ್ರೇ'ಗೆ ಒಂದು ಪಾಲು ಕಪ್ಪು ಸೇರಿಸಿಕೊಂಡರು. ಕೈಯಳತೆಯ ಈ ಮಿಶ್ರಣ ಎಲ್ಲ ಕಡೆ ಒಂದೇ ಥರ ಬರುವುದು ಹೇಗೆ ಸಾಧ್ಯ?

ಹಾಗಾದರೆ ನಮಗಿರುವ ಸಾಕ್ಷ್ಯ ಯಾವುದು? ಕಡತ ಹೇಳುವುದು ಏನು ಬಳಿಯಬೇಕಿತ್ತು ಎಂಬುದನ್ನು. ಏನು ಬಳಿದರು ಎಂಬುದನ್ನಲ್ಲ. ಅಂದಿನ ಫೋಟೋಗಳು ಬಹುಪಾಲು ಕಪ್ಪುಬಿಳುಪು. ಮಣ್ಣಿನಿಂದ ಅಗೆದು ತೆಗೆದ ಅವಶೇಷಗಳಲ್ಲಿ ಬಣ್ಣ ಉಳಿದಿದ್ದರೂ ವರ್ಷಗಳು ಅದನ್ನು ಮಾಸಿಸಿರುತ್ತವೆ. ಮೂರನ್ನೂ ಒಟ್ಟಿಗಿಟ್ಟು ಓದಬೇಕು.

ಇದರ ಮೇಲೆ ಅಳತೆಯ ಸಮಸ್ಯೆಯೂ ಇದೆ. ದೂರದಲ್ಲಿರುವ ವಸ್ತುವಿನ ಬಣ್ಣ ನಡುವಿನ ಗಾಳಿಯಿಂದಾಗಿ ತುಸು ಪೇಲವವಾಗಿ ಕಾಣುತ್ತದೆ. ಒಂದಡಿ ದೂರದಲ್ಲಿಟ್ಟ 1/72 ಮಾದರಿಯನ್ನು ನೋಡುವುದೆಂದರೆ ನಿಜವಾದ ವಿಮಾನವನ್ನು 72 ಅಡಿ ದೂರದಿಂದ ನೋಡಿದಂತೆ. ಅದಕ್ಕಾಗಿಯೇ ಅನೇಕರು ಮೂಲ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸುತ್ತಾರೆ. ಎನಾಮಲ್ ಆದರೂ ಅಷ್ಟೆ, ನೀರಿನಲ್ಲಿ ಕಲಸುವ ಆಕ್ರಿಲಿಕ್ ಆದರೂ ಅಷ್ಟೆ.

ಆದ್ದರಿಂದ ಡಬ್ಬಿಯ ಮೇಲಿನ ಹೆಸರಿಗಿಂತ ಮೊದಲು ದಿನಾಂಕ ನೋಡಬೇಕು. ನೀವು ಮಾಡುತ್ತಿರುವುದು 1941ರ ಜೂನ್‌ನ ವಿಮಾನವಾದರೆ 'ಸ್ಕೈ' ಎಂದು ಬರೆದ ಡಬ್ಬಿಯನ್ನು ಬಹುಮಟ್ಟಿಗೆ ನಂಬಬಹುದು. 1940ರ ಜೂನ್‌ನದಾದರೆ ತುಸು ನೀಲಿಯೋ ಹಸಿರೋ ಬೆರೆಸಿಕೊಂಡವರನ್ನು ತಪ್ಪು ಎನ್ನಲಾಗದು. ಅಂದು ವಿಮಾನನೆಲೆಯಲ್ಲಿ ಕುಂಚ ಹಿಡಿದವರೂ ಅದನ್ನೇ ಮಾಡಿದ್ದರು.