ಒಂದು ಗೀತೆ, ಹಲವು ಕಂಠ

ರಂಗಭೂಮಿಗೆಂದು ರಚಿತವಾದ ಹಾಡುಗಳಲ್ಲಿ ಬಹುಪಾಲು ಆಯಾ ಪ್ರದರ್ಶನದೊಡನೆಯೇ ಮರೆಯಾಗುತ್ತವೆ. ಆದರೆ ‘ಬಾಡಿ ಅಂಡ್ ಸೋಲ್’, ಎಂದರೆ ‘ಒಡಲು ಮತ್ತು ಆತ್ಮ’ ಎಂಬ ಜಾಝ್ ಗೀತೆ ಒಂಬತ್ತು ದಶಕಗಳನ್ನು ದಾಟಿ ಬಾಳಿದೆ. ಅದರ ಚರಿತ್ರೆಯನ್ನು ನಾವು ಇಲ್ಲಿ ಸಂಗ್ರಹವಾಗಿ ಪರಿಶೀಲಿಸೋಣ.

1930ರಲ್ಲಿ ಅಮೆರಿಕದ ತರುಣ ಜಾನಿ ಗ್ರೀನನು ಇಂಗ್ಲೆಂಡಿನ ನಟಿ ಗರ್ಟ್ರೂಡ್ ಲಾರೆನ್ಸಳಿಗಾಗಿ ಇದಕ್ಕೆ ಸ್ವರ ಸಂಯೋಜಿಸಿದನು. ಪದಗಳನ್ನು ಹೆಣೆದವರು ಎಡ್ವರ್ಡ್ ಹೇಮನ್, ರಾಬರ್ಟ್ ಸೋರ್, ಫ್ರಾಂಕ್ ಐಟನ್ ಎಂಬ ಮೂವರು. ಲಂಡನ್ನಿನಲ್ಲಿ ಮೊದಲು ಕೇಳಿಬಂದ ಈ ಗೀತೆಯನ್ನು ಅದೇ ವರ್ಷ ನ್ಯೂಯಾರ್ಕಿನ ರಂಗದ ಮೇಲೆ ಲಿಬ್ಬಿ ಹೋಲ್ಮನ್ ಹಾಡಿದಳು.

ಇದರ ರಚನೆಯಲ್ಲಿಯೇ ಒಂದು ವೈಚಿತ್ರ್ಯವಿದೆ. ಎಂಟೆಂಟು ಆವರ್ತಗಳ ನಾಲ್ಕು ಭಾಗಗಳಲ್ಲಿ ಮೂರಕ್ಕೆ ಒಂದೇ ಧಾಟಿ. ಮೂರನೆಯ ಭಾಗದಲ್ಲಿ ಮಾತ್ರ ಆಧಾರಸ್ವರವೇ ಅರ್ಧಸ್ಥಾನ ಮೇಲೇರಿ, ಅಲ್ಲಿಂದ ಒಂದು ಪೂರ್ಣಸ್ಥಾನ ಕೆಳಗಿಳಿದು, ಕೊನೆಗೆ ಮೊದಲಿನ ನೆಲೆಗೆ ಮರಳುತ್ತದೆ. ಷಡ್ಜವು ಅಚಲವೆಂದು ಕಲಿತ ನಮ್ಮ ಕಿವಿಗೆ ಇದು ವಿಸ್ಮಯಕರ. ಜಾಝ್ ವಾದಕರಿಗಾದರೋ ಇದೇ ಪರೀಕ್ಷೆ, ಇದೇ ಆಕರ್ಷಣೆ.

1935ರಲ್ಲಿ ಬೆನ್ನಿ ಗುಡ್‌ಮನ್ನನು ಟೆಡ್ಡಿ ವಿಲ್ಸನ್ ಮತ್ತು ಜೀನ್ ಕ್ರೂಪರೊಡನೆ ಇದನ್ನು ಧ್ವನಿಮುದ್ರಿಸಿದನು. ವಿಲ್ಸನ್ ಆಫ್ರಿಕನ್ ಮೂಲದವನು, ಉಳಿದಿಬ್ಬರು ಬಿಳಿಯರು. ವರ್ಣಭೇದವು ಪ್ರಬಲವಾಗಿದ್ದ ಆ ಕಾಲದಲ್ಲಿ ಮೂವರೂ ಸರಿಸಮಾನರಾಗಿ ನುಡಿಸಿದುದು ಸಾಮಾನ್ಯ ಸಂಗತಿಯಲ್ಲ.

ಆದರೆ ಗೀತೆಗೆ ಚಿರಸ್ಥಾನವನ್ನು ದೊರಕಿಸಿದವನು ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್. ಐದು ವರ್ಷ ಯೂರೋಪಿನಲ್ಲಿದ್ದು 1939ರಲ್ಲಿ ತಾಯ್ನಾಡಿಗೆ ಮರಳಿದಾಗ ಅಲ್ಲಿ ಹೊಸ ಪೀಳಿಗೆಯ ವಾದಕರು ಹೆಸರು ಮಾಡಿದ್ದರು. ಅಕ್ಟೋಬರ್ 11ರಂದು ಹಾಕಿನ್ಸ್ ಈ ಗೀತೆಯನ್ನು ಮುದ್ರಿಸಿದನು. ಆರಂಭದ ಕೆಲವು ಆವರ್ತಗಳಲ್ಲಿ ಮೂಲ ಧಾಟಿ ಇಣುಕುತ್ತದೆ. ಅನಂತರ ಸುಮಾರು ಮೂರು ನಿಮಿಷಗಳ ಆ ತಟ್ಟೆಯ ಕೊನೆಯವರೆಗೂ ಅವನದೇ ಮನೋಧರ್ಮ. ಆದರೂ ಮೂಲದ ಸ್ವರಮೇಳಗಳ ಚೌಕಟ್ಟನ್ನು ಅವನು ಎಲ್ಲಿಯೂ ಬಿಡಲಿಲ್ಲ. ಪರಿಚಿತ ಧಾಟಿಯೇ ಇಲ್ಲದ ಆ ತಟ್ಟೆಯನ್ನು ಜನಸಾಮಾನ್ಯರೂ ಆದರದಿಂದ ಕೊಂಡರು. 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸಂರಕ್ಷಣೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಬಿಲಿ ಹಾಲಿಡೇ 1940ರಲ್ಲಿ ಇದನ್ನು ಹಾಡಿದಳು; ಜಾನ್ ಕೋಲ್ಟ್ರೇನ್ 1960ರಲ್ಲಿ ನುಡಿಸಿದನು. 2011ರ ಮಾರ್ಚಿಯಲ್ಲಿ 84 ವರ್ಷದ ಟೋನಿ ಬೆನೆಟ್ಟನೊಡನೆ 27ರ ಏಮಿ ವೈನ್‌ಹೌಸ್ ಲಂಡನ್ನಿನಲ್ಲಿ ಹಾಡಿದಳು. ಅದೇ ಜುಲೈಯಲ್ಲಿ ಅವಳು ತೀರಿಕೊಂಡಳು.

ಅಧ್ಯಾಪಕರಾದ ನಮಗೆ ಇದರಲ್ಲೊಂದು ಪಾಠವಿದೆ. ಕಂಠಪಾಠ ಬೇಕೆ, ಸ್ವಂತ ಮಾತು ಬೇಕೆ ಎಂದು ನಾವು ವಾದಿಸುತ್ತೇವೆ. ಹಾಕಿನ್ಸ್ ಮೂಲವನ್ನು ಮೊದಲು ತನ್ನದಾಗಿಸಿಕೊಂಡನು. ಆಮೇಲೆ ತನ್ನ ಮಾತನ್ನಾಡಿದನು. ನಮ್ಮ ತರಗತಿಯ ಮಕ್ಕಳೂ ಪದ್ಯವನ್ನು ಒಪ್ಪಿಸಿ ಮುಗಿಸಿದ ಬಳಿಕ ಅವರ ಸ್ವಂತ ಮಾತಿಗಾಗಿ ನಾವು ಕೊಂಚ ಹೊತ್ತು ಕಾಯಬೇಕು.